ಬೀಜದ ರಾಶಿಗೆ ಹೊದಿಸಿದ ಸೊಪ್ಪು

ನಮ್ಮೂರಿನ ಗುಂಡುತೋಪಿನಲ್ಲಿ ಈಗ ಮಾವಿಗಿಂತ, ಹುಣಸೆಗಿಂತ ಆ ಹಳದಿ ಹೂವಿನ ಮರಗಳೇ ಹೆಚ್ಚು. ಸಸ್ಯಶಾಸ್ತ್ರ ಓದಿದವರು ಅದನ್ನು ಸೆನ್ನ ಎನ್ನುತ್ತಾರೆ. ತರಕಾರಿ ಕೊಳ್ಳಲು ಗುಂಡ್ಲುಪೇಟೆಗೆ ಬರುವ ಕೇರಳದ ವ್ಯಾಪಾರಿಗಳ ಬಾಯಲ್ಲಿ ಅದು ಮಂಜಕೊನ್ನ. ಊರಿನವರು ಹೆಸರಿಡುವ ಗೋಜಿಗೆ ಹೋಗದೆ ಹಳದಿ ಮರ ಎಂದು ಬಿಟ್ಟಿದ್ದಾರೆ. ಅಮೆರಿಕ ಖಂಡದ ಬಿಸಿ ನಾಡುಗಳಿಂದ ನೆರಳಿಗೆಂದು, ಅಂದಕ್ಕೆಂದು ತಂದು ನೆಟ್ಟ ಮರ ಅದು, ನೆಟ್ಟಲ್ಲಿ ನಿಲ್ಲಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ಕಡೆಯ ಕಾಡಂಚಿನಿಂದ ರಸ್ತೆಯ ಬದಿಗೆ, ರಸ್ತೆಯಿಂದ ಕೆರೆಯ ಏರಿಗೆ, ಏರಿಯಿಂದ ಗುಂಡುತೋಪಿಗೆ ಬಂತು. ಕಡಿದರೆ ಬುಡದಿಂದ ಹತ್ತಾರು ಚಿಗುರು ಹೊರಡುತ್ತದೆ. ಅದರ ಕೆಳಗೆ ಹುಲ್ಲು ಬೆಳೆಯುವುದು ಅಪರೂಪ. ದನಗಳು ಮೂಸಿ ನೋಡಿ ಮುಂದೆ ಹೋಗುತ್ತವೆ.

ಆ ಮರದ ವಿರುದ್ಧ ನಾನು ಮಾತನಾಡತೊಡಗಿ ಕೆಲವು ವರ್ಷಗಳಾದವು. ಮೈಸೂರಿನಲ್ಲಿ ಓದುವಾಗ ತರಗತಿಗಳಿಗಿಂತ ಚರ್ಚಾಸ್ಪರ್ಧೆಗಳಲ್ಲಿ ನಾನು ಹೆಚ್ಚು ಕಲಿತೆ. ವಿಷಯವನ್ನು ಪರ, ವಿರೋಧ ಎಂದು ಸೀಳಿ ನೋಡುವುದು, ಎದುರಾಳಿಯ ಅತ್ಯಂತ ಬಲವಾದ ವಾದವನ್ನು ಮೊದಲು ನಾವೇ ಎತ್ತಿಕೊಂಡು ಪರೀಕ್ಷಿಸುವುದು, ಪುರಾವೆ ಇರುವಷ್ಟನ್ನೇ ಹೇಳುವುದು ಅಲ್ಲಿಂದ ಬಂದ ಅಭ್ಯಾಸಗಳು. ಈಗ ಚಾಮರಾಜನಗರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ವಾರದ ಕೊನೆಗೆ ಊರಿಗೆ ಬರುತ್ತೇನೆ. ಊರಿನ ಸಾಮಾನ್ಯ ನೆಲ ಊರಿನ ದನಕ್ಕೂ ಜನಕ್ಕೂ ಒದಗಬೇಕೆಂಬ ಸರಳ ನಂಬಿಕೆಯಿಂದ ನಾವು ಕೆಲವರು ಸೇರಿ ಗುಂಡುತೋಪನ್ನು ಬಿಡಿಸಿಕೊಳ್ಳುವ ಕೆಲಸಕ್ಕೆ ಕೈ ಹಾಕಿದ್ದೆವು.

ಎದುರು ಪಕ್ಷಕ್ಕೆ ಒಂದು ಒಳ್ಳೆಯ ವಾದವಿತ್ತು. ಹಳದಿ ಮರದ ಕೆಳಗಿನ ಮಣ್ಣು ನೋಡಿ, ಎಷ್ಟು ಕಪ್ಪಗೆ, ಎಷ್ಟು ಮೆತ್ತಗಿದೆ. ಅದರ ಎಲೆ ಒಳ್ಳೆಯ ಗೊಬ್ಬರ. ಗೊಬ್ಬರ ಕೊಡುವ ಮರವನ್ನು ಏಕೆ ತೆಗೆಯುತ್ತೀರಿ? ಇದನ್ನು ಅಲ್ಲಗಳೆಯುವ ಮುನ್ನ ಪರೀಕ್ಷಿಸಬೇಕಿತ್ತು. ಹರವೆಯ ಕಡೆಯ ರೈತರೊಬ್ಬರಿಂದ ಸಣ್ಣ ಈರುಳ್ಳಿ ತುಂಬುವ ಬಲೆಚೀಲಗಳನ್ನು ಕೇಳಿ ತಂದೆ. ಒಣಗಿಸಿದ ಹಳದಿ ಮರದ ಎಲೆಯನ್ನು ಕೆಲವು ಚೀಲಗಳಿಗೆ, ಹೊಂಗೆಯ ಎಲೆಯನ್ನು ಕೆಲವಕ್ಕೆ, ತೇಗದ ಎಲೆಯನ್ನು ಉಳಿದವಕ್ಕೆ ತೂಗಿ ತುಂಬಿ, ಮಳೆಗಾಲಕ್ಕೆ ಮುಂಚೆ ಗುಂಡುತೋಪಿನ ನೆಲದ ಮೇಲೆ ಗೂಟ ಹೊಡೆದು ಕಟ್ಟಿದೆವು. ಆಗಾಗ ಒಂದೊಂದು ಚೀಲ ಬಿಚ್ಚಿ, ಉಳಿದದ್ದನ್ನು ಒಣಗಿಸಿ ಮತ್ತೆ ತೂಗಬೇಕು. ತೂಕಕ್ಕೆ ನಮ್ಮೂರಿನ ದಿನಸಿ ಅಂಗಡಿಯ ತಕ್ಕಡಿಯೇ ಗತಿ.

ಅಂಗಡಿಯ ಯಜಮಾನರು ಮೊದಲ ಸಲ ಚೀಲವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಇದ್ಯಾವ ಸೊಪ್ಪವ್ವ? ಕಷಾಯಕ್ಕಾ?"

"ಕೊಳೆತ ಎಲೆ. ಎಷ್ಟು ಕೊಳೀತು ಅಂತ ನೋಡೋಕೆ."

"ಕೊಳ್ತದ್ದ ತೂಗುಸ್ಕೊಂಡೋಗೋ ಗಿರಾಕಿ ನೀನೊಬ್ಳೆ ಕಣವ್ವ. ಮಿಕ್ಕೋರೆಲ್ಲ ಕೊಳ್ತದ್ದ ವಾಪಸ್ ತಂದು ಜಗಳ ಆಡ್ತಾರೆ."

ಚೀಲಗಳು ಹೇಳಿದ್ದು ಸ್ಪಷ್ಟವಾಗಿತ್ತು. ತೇಗದ ಎಲೆ ಮಳೆಗಾಲ ಮುಗಿದರೂ ಬಲೆಯೊಳಗೆ ಗಟ್ಟಿಯಾಗಿಯೇ ಇತ್ತು. ಹೊಂಗೆ ನಡುವಿನದು. ಹಳದಿ ಮರದ ಚೀಲ ಬಿಚ್ಚಿದರೆ ಒಳಗೆ ಪೊರಕೆ ಕಡ್ಡಿಯಂಥ ತೊಟ್ಟುಗಳು ಮಾತ್ರ. ಎಲೆಯೆಂಬ ಎಲೆ ಮಣ್ಣಿಗೆ ಸೇರಿಹೋಗಿತ್ತು. ಕೃಷಿ ಓದಿದ ಗೆಳತಿಯೊಬ್ಬಳು ಕಾರಣ ವಿವರಿಸಿದಳು. ಆ ಎಲೆಯಲ್ಲಿ ಸಾರಜನಕ ಹೆಚ್ಚು, ನಾರು ಕಡಿಮೆ. ಮಣ್ಣಿನ ಹುಳುಹುಪ್ಪಟೆಗೂ ಕಣ್ಣಿಗೆ ಕಾಣದ ಜೀವಿಗಳಿಗೂ ಅದು ಸಲೀಸಾದ ಊಟ. ಪೊಟ್ಯಾಷ್ ಮೊದಲ ಮಳೆಗಳಿಗೇ ತೊಳೆದು ಇಳಿಯುತ್ತದೆ, ಸಾರಜನಕ ಹಿಂದೆಯೇ ಹೊರಡುತ್ತದೆ. ಹಾಗಾದರೆ ಎದುರು ಪಕ್ಷದ ಮಾತು ನಿಜ: ಎಲೆ ಗೊಬ್ಬರವೇ. ಆದರೆ ಆ ಗೊಬ್ಬರವನ್ನು ಉಣ್ಣುವವರು ಯಾರು? ಮರದ ಕೆಳಗೆ ಕಾಣುತ್ತಿದ್ದದ್ದು ಅದರದೇ ಸಸಿಗಳು, ಒತ್ತೊತ್ತಾಗಿ. ತನ್ನ ಮಕ್ಕಳಿಗೆ ತಾನೇ ಬಡಿಸಿಕೊಳ್ಳುವ ಮರ ಎಂದು ಭಾಷಣಕ್ಕೆ ಒಂದು ಸಾಲು ಸಿದ್ಧಮಾಡಿಕೊಂಡೆ. ಅದು ಎಲ್ಲ ಕಡೆಯೂ ಚೆನ್ನಾಗಿಯೇ ನಡೆಯಿತು. ಚಂದಕವಾಡಿಯ ಸಭೆಯೊಂದರಲ್ಲಿ ಚಪ್ಪಾಳೆಯೂ ಬಿತ್ತು.

ಇದು ಊರಿನ ಮಾತು. ಮನೆಯದು ಬೇರೆ ಇತ್ತು.

ನಾವು ಮೂವರು. ಅಕ್ಕ ಹಿರಿಯಳು, ನಡುವೆ ಅಣ್ಣ, ಕೊನೆಗೆ ನಾನು. ಅಪ್ಪ ಅವ್ವ ಇಬ್ಬರೂ ಈಗಿಲ್ಲ. ಅಣ್ಣನಿಗೆ ಗುಂಡ್ಲುಪೇಟೆಯಲ್ಲಿ ಸಂಬಳದ ನೌಕರಿ, ಸಂಸಾರವೂ ಅಲ್ಲಿಯೇ. ಅಕ್ಕ ಮದುವೆ ಬೇಡವೆಂದು ಊರಿನ ಮನೆಯಲ್ಲೇ ಉಳಿದವಳು. ಅಪ್ಪನ ಕಾಲದ ಎರಡು ಎಕರೆ ನೀರಾವರಿ ನೆಲವನ್ನು ಅಣ್ಣನೇ ನೋಡಿಕೊಳ್ಳುತ್ತಿದ್ದ. ನೋಡಿಕೊಳ್ಳುವುದೆಂದರೆ ಒಬ್ಬರಿಗೆ ವಾರಕ್ಕೆ, ಅಂದರೆ ಬೆಳೆಯ ಪಾಲಿನ ಮೇಲೆ, ಕೊಟ್ಟು, ಅವರು ಬಿಟ್ಟಾಗ ಇನ್ನೊಬ್ಬರನ್ನು ಹುಡುಕುವುದು. ಹಿಂದಿನ ವರ್ಷ ವಾರದವರು ಬಿಟ್ಟು ಹೋದಾಗ ಅಕ್ಕ, ಈ ಸಲ ನಾನು ಮಾಡುತ್ತೇನೆ ಎಂದಳು. ನೆಲದ ಒಂದು ಮೂಲೆಯಲ್ಲಿ ಅರಿಶಿನ ಹಾಕಿ ಬೆಳೆದೂ ತೋರಿಸಿದಳು. ಮುಂದಿನ ವರ್ಷಕ್ಕೆ ಪೂರ್ತಿ ನೆಲ ಕೇಳಿದಳು.

ಅಷ್ಟರಲ್ಲಿ ಚೆಂಡು ಹೂವಿನ ಕಂಪನಿಯವರು ಅಣ್ಣನನ್ನು ಕಂಡಿದ್ದರು. ಹೂವಿನಿಂದ ಬಣ್ಣ ತೆಗೆಯುವ ಕಂಪನಿ. ಬೀಜ ಅವರೇ ಕೊಡುತ್ತಾರೆ, ಹೂ ಅವರೇ ಒಯ್ಯುತ್ತಾರೆ. ಅಣ್ಣ ಕೆಟ್ಟವನಲ್ಲ. ನೆಲ ಬೀಳು ಬೀಳಬಾರದು ಎನ್ನುವುದಷ್ಟೇ ಅವನ ಚಿಂತೆ. ಅವನು ಅಕ್ಕನಿಗೆ ಒಂದು ಮಾತು ಹೇಳಿದ.

"ನಿನ್ ಬೀಜದಲ್ಲಿ ಎಷ್ಟ್ ನೆಲ ತುಂಬುತದೋ ಅಷ್ಟೂ ನಿಂದೇ ಕಣಕ್ಕ. ಭರಣಿ ಮಳೆ ಮುಗಿಯೋದ್ರೊಳ್ಗೆ ನಾಟಿ ಆಗ್ದೆ ಉಳ್ದದ್ದು ಮಾತ್ರ ಚೆಂಡೂವಿಗೆ."

"ನನ್ ಬೀಜ ಎರಡ್ ಎಕ್ರೆ ತುಂಬುತದೆ. ನಿನ್ ಕಂಪ್ನಿಯೋರ್ಗೆ ಬದೂನೂ ಸಿಕ್ಕಾಕಿಲ್ಲ," ಎಂದಳು ಅಕ್ಕ.

ಹೆಣ್ಣುಮಗಳಿಗೆ ಹಕ್ಕಾಗಿ ಬರಬೇಕಾದದ್ದು ಹೀಗೆ ಷರತ್ತಾಗಿ ಬರುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆಂದು ಬಾಯಿ ತೆರೆಯುವುದರೊಳಗೆ ಅಕ್ಕ ಒಪ್ಪಿಕೊಂಡಾಗಿತ್ತು. ಅವಳಿಗೆ ತನ್ನ ಬೀಜದ ಮೇಲೆ ಅಷ್ಟು ಭರವಸೆ. ಬೆಳೆದ ಅರಿಶಿನದಲ್ಲಿ ಸ್ವಲ್ಪವನ್ನಷ್ಟೇ ಬೇಯಿಸಿ ಒಣಗಿಸಿ ಮಾರಿ, ಮಿಕ್ಕದ್ದನ್ನೆಲ್ಲ ಬೀಜಕ್ಕೆಂದು ಉಳಿಸಿಕೊಂಡಿದ್ದಳು. ಕೊಂಡ ಬೀಜ ಅವಳಿಗೆ ಆಗದು. ಕೊಂಡ ಗೆಡ್ಡೆಯ ಜೊತೆಗೆ ಕೊಳೆರೋಗವೂ ನೆಲಕ್ಕೆ ಬರುತ್ತದೆ, ಒಂದು ಸಲ ಬಂದರೆ ಹೋಗುವುದಿಲ್ಲ ಎನ್ನುವುದು ಅವಳ ಖಚಿತ ಅಭಿಪ್ರಾಯ. ಹಾಗೆ ನೆಲ ಕೆಡಿಸಿಕೊಂಡವರು ನಮ್ಮ ಸುತ್ತ ಇಲ್ಲದಿಲ್ಲ.

ಬೀಜದ ಅರಿಶಿನವನ್ನು ಕಾಪಾಡುವ ಕ್ರಮ ನಮ್ಮ ಕಡೆ ಹೀಗಿದೆ. ಅಗೆತ ಮುಗಿದು ಶಿವರಾತ್ರಿ ಕಳೆಯುವ ಹೊತ್ತಿಗೆ, ಮರದ ನೆರಳಿನಲ್ಲಿ ನೆಲವನ್ನು ಸ್ವಲ್ಪ ಎತ್ತರ ಮಾಡಿ ತಾಯಿಗೆಡ್ಡೆಯನ್ನೂ ಕೊಂಬುಗಳನ್ನೂ ರಾಶಿ ಹಾಕುತ್ತಾರೆ. ರಾಶಿಗೆ ಅರಿಶಿನದ್ದೇ ಒಣಗಿದ ಎಲೆಯನ್ನು ಹೊದಿಸುತ್ತಾರೆ. ಎಲೆಯ ಮೇಲೆ ಮಣ್ಣು ಸಗಣಿ ಕಲಸಿ ಮೆತ್ತುತ್ತಾರೆ. ನೆತ್ತಿಯಲ್ಲಿ ಉಸಿರಿಗೆಂದು ಒಂದು ಕಂಡಿ ಬಿಡುತ್ತಾರೆ. ಆಮೇಲೆ ನಾಟಿಯ ದಿನದವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಬೀಜ ಮಲಗಿದೆ ಎನ್ನುತ್ತಾರೆ. ನಡುವೆ ತೆರೆದರೆ ಎಚ್ಚರವಾಗಿ ಹೊತ್ತಲ್ಲದ ಹೊತ್ತಿನಲ್ಲಿ ಮೊಳೆಯುತ್ತದೆ ಎಂಬುದು ನಂಬಿಕೆ. ನಂಬಿಕೆಯಲ್ಲಿ ತಿಳಿವಳಿಕೆಯೂ ಇದೆ. ಬೆಳಕು, ತೇವ ತಾಗಿದರೆ ಗೆಡ್ಡೆ ನಿಜವಾಗಿಯೂ ಮೊಳೆಯುತ್ತದೆ.

ಆ ವರ್ಷ ಅರಿಶಿನ ಬೇಯಿಸುವಾಗ ಸೌದೆ ಸಾಲದೆ ಅಕ್ಕ ಒಣ ಎಲೆಯನ್ನೆಲ್ಲ ಒಲೆಗೆ ಹಾಕಿಬಿಟ್ಟಿದ್ದಳು. ಇತ್ತ ನೆಲದ ಅಂಚಿನ ಹಳದಿ ಮರಗಳು ದಾರಿಗೆ ಬಾಗಿ, ಟ್ರ್ಯಾಕ್ಟರು ಒಳಗೆ ಬರಲು ಅಡ್ಡವಾಗಿದ್ದವು. ಅಣ್ಣ ಆಳು ಬಿಟ್ಟು ಕೊಂಬೆ ಕಡಿಸಿದ. ಸೊಪ್ಪು ಆಳೆತ್ತರ ಬಿದ್ದಿತ್ತು. ರಾಶಿಗೆ ಹೊದಿಸಲು ಏನಾದರೂ ಬೇಕು. ಕೈಗೆ ಸಿಕ್ಕಿದ್ದು ಇದು. ಹೊಂಗೆ ಸೊಪ್ಪು, ಬೇವಿನ ಸೊಪ್ಪು ಹೊದಿಸಿದವರನ್ನು ಅಕ್ಕ ಕಂಡಿದ್ದಳು. ಎಲೆ ಎಂದರೆ ಎಲೆ. ಹಸಿ ಸೊಪ್ಪನ್ನು ಮೊಣಕಾಲು ಮಟ್ಟ ಒತ್ತಿ ಹೊದಿಸಿ, ಬಿಸಿಲಿಗೆ ಬಿರಿಯದಿರಲೆಂದು ಮಣ್ಣನ್ನೂ ಎಂದಿಗಿಂತ ದಪ್ಪಗೆ ಮೆತ್ತಿದಳು. ಮೆತ್ತಿದ್ದು ಒಂದು ಭಾನುವಾರ. ಅದೇ ಹೊತ್ತಿನಲ್ಲಿ ನಾನು ಗುಂಡುತೋಪಿನಲ್ಲಿ ನಿಂತು, ಈ ಎಲೆ ಎಷ್ಟು ಬೇಗ ಕೊಳೆಯುತ್ತದೆ ಎಂದು ಊರಿಗೆ ವಿವರಿಸುತ್ತಿದ್ದೆ.

ಆ ಸಭೆಯಲ್ಲಿ ನನ್ನ ಮಾತಿಗೆ ಅಡ್ಡ ಬಂದವರು ಮೇಕೆ ಸಾಕುವ ಒಬ್ಬ ಹೆಂಗಸು. ಬಿತ್ತನೆ, ನಾಟಿ ಕಾಲದಲ್ಲಿ ನಮ್ಮ ಅಕ್ಕನ ಜೊತೆ ಕೂಲಿಗೂ ಬರುವವರು. ನಾನು ಅವರನ್ನು ಅತ್ತೆ ಎನ್ನುತ್ತೇನೆ.

"ಮರ ತಗೀರಿ, ಬ್ಯಾಡ ಅಂದೋರ್ಯಾರು? ತಗೆದ್ ಮ್ಯಾಲೆ ನೆಳ್ಳು ಎಲ್ಲದ? ನಿನ್ ಭಾಷ್ಣದ್ ಕೆಳ್ಗೆ ನನ್ ಮೇಕೆ ಕಟ್ಲಾ?"

ಜನ ನಕ್ಕರು. ನಾನೂ ನಕ್ಕೆ. "ಹುಲ್ಲು ಬಂದ್ರೆ ಮೇಕೆಗೆ ಮೇವಲ್ವಾ ಅತ್ತೆ?"

"ಉಲ್ಲು ಬರಾಗಂಟ ಮೇಕೆ ಉಪಾಸ ಕೂತಿರ್ತದಾ? ಒಂದ್ ಕಡೇಲಿಂದ ತಗೆಯದ ಕಲ್ತ್ಕಳಿ. ಎಲ್ಲಾನೂ ಒಂದೇ ಸತಿ ಉರುಳ್ಸನ ಅಂತೀರಿ ನೀವು ಓದ್ದೋರು."

ಅದು ನ್ಯಾಯವಾದ ಆಕ್ಷೇಪ. ಹಂತಹಂತವಾಗಿ, ಬುಡದ ತೊಗಟೆ ಸುಲಿದು ನಿಂತಲ್ಲೇ ಒಣಗಿಸುವುದು, ನಡುನಡುವೆ ಹೊಂಗೆ, ನೇರಳೆ ನೆಟ್ಟುಕೊಳ್ಳುವುದು ಎಂದು ನಿರ್ಣಯವನ್ನು ತಿದ್ದಿಕೊಂಡೆವು. ಅಂದು ಒಪ್ಪಿಗೆಯಾಗದೆ ಮುಂದಿನ ಸಭೆಗೆ ಹೋಯಿತು.

ಯುಗಾದಿ ಕಳೆದ ಮೇಲೆ ಅಶ್ವಿನಿ ಮಳೆ ಜೋರಾಗಿಯೇ ಬಿತ್ತು. ಆ ಶನಿವಾರ ಬಸ್ಸಿಳಿದು ಮನೆಗೆ ಬಂದಾಗ ಹಿತ್ತಿಲಿನಲ್ಲಿ ಒಂದು ವಾಸನೆ ಇತ್ತು. ಕೊಟ್ಟಿಗೆಯದಲ್ಲ, ತಿಪ್ಪೆಯದೂ ಅಲ್ಲ. ಹುಳಿಯಾದ, ಸ್ವಲ್ಪ ಸಿಹಿಯಾದ ವಾಸನೆ. ಬಲೆಚೀಲಗಳನ್ನು ಬಿಚ್ಚುವಾಗ ಮೂಗಿಗೆ ಅಭ್ಯಾಸವಾಗಿದ್ದ ವಾಸನೆ ಅದು, ನೂರು ಪಾಲು ಹೆಚ್ಚಾಗಿ. ರಾಶಿಯ ಹತ್ತಿರ ಹೋದೆ. ಮೆತ್ತಿದ ಮಣ್ಣು ಒಂದು ಕಡೆ ಕುಸಿದು ತಗ್ಗಾಗಿತ್ತು. ನೆತ್ತಿಯ ಕಂಡಿಯ ಸುತ್ತ ಮಣ್ಣು ಒದ್ದೆಯಾಗಿತ್ತು. ಅದರಿಂದ ತೆಳ್ಳಗೆ ಹಬೆ ಏಳುತ್ತಿತ್ತು.

"ಅಕ್ಕ, ಇದಕ್ಕೆ ಯಾವ ಸೊಪ್ಪು ಹೊದಿಸಿದ್ದೀಯ?"

"ದಾರೀಲಿ ಕಡ್ಸಿದ್ರಲ್ಲ, ಅದೇಯ. ಯಾಕಮ್ಮಿ?"

"ರಾಶಿ ತೆಗೀಬೇಕು. ಈಗ್ಲೇ."

"ಏನ್ ತಗೆಯದು? ಬೀಜ ಮಲಗದ ಕಣಮ್ಮಿ. ಈಗ ಎಬ್ಬಿಸ್ಬುಟ್ರೆ ನಾಟಿಗಂಟ ಎಲ್ಲಿ ಮಡಿಕಂಡಿರ್ಲಿ?"

"ಅದು ಮಲಗಿಲ್ಲ, ಬೇಯ್ತಾ ಅದೆ."

"ಸುರುವಾಯ್ತು ನಿಂದು. ಊರಲ್ಲಿ ಮಾಡದ್ ಸಾಲ್ದು ಅಂತ ಇತ್ಲಿಗೂ ತಂದ್ಯಾ?"

ನಾನು ಕ್ರಮವಾಗಿ ಹೇಳಲು ನೋಡಿದೆ. ಹಸಿ ಸೊಪ್ಪು, ಅದರಲ್ಲೂ ಬೇಗ ಕೊಳೆಯುವ ಸೊಪ್ಪು. ಮೇಲೆ ಗಾಳಿಯಾಡದ ಮಣ್ಣು. ಈಗ ನೀರೂ ಇಳಿದಿದೆ. ಕೊಳೆಯುವಾಗ ಶಾಖ ಹುಟ್ಟುತ್ತದೆ, ಶಾಖಕ್ಕೆ ಗೆಡ್ಡೆ ಬೆಂದುಹೋಗುತ್ತದೆ. ಅಕ್ಕ ಕೇಳಿಸಿಕೊಂಡಳು, ಒಪ್ಪಲಿಲ್ಲ. ಅವಳ ಕಡೆಯಿಂದ ನೋಡಿದರೆ ಅವಳದೂ ಸರಿಯೇ. ನಾನು ಹೇಳುವುದು ತಪ್ಪಾಗಿದ್ದರೆ, ತೆರೆದ ಬೀಜವೆಲ್ಲ ಭರಣಿಗೆ ಮುಂಚೆಯೇ ಮೊಳೆತು ಹಾಳಾಗುತ್ತದೆ. ತೆರೆಯದಿದ್ದರೆ, ನಾನು ಹೇಳುವುದು ಸರಿಯಾಗಿದ್ದರೆ, ಆಗಲೂ ಹಾಳು. ಎರಡು ಎಕರೆಯೂ ಆ ಮಣ್ಣಿನ ಗುಡ್ಡೆಯೊಳಗಿತ್ತು.

ಕೊನೆಗೆ ಅವಳೇ ಸೆರಗು ಸಿಕ್ಕಿಸಿಕೊಂಡು ಕಂಡಿಯೊಳಗೆ ಕೈ ಇಳಿಸಿದಳು. ಮೊಣಕೈಯವರೆಗೆ ಹೋದ ಕೈಯನ್ನು ಸರಕ್ಕನೆ ಈಚೆಗೆ ಎಳೆದುಕೊಂಡಳು. ಒಂದು ಗಳಿಗೆ ಅಂಗೈ ನೋಡಿಕೊಂಡಳು.

"ಎಸ್ರು ಕುದ್ದಂಗದಲ್ಲೇ," ಎಂದಳು. ಆಮೇಲೆ, "ಗುದ್ಲಿ ತತ್ತಾ."

ಮಣ್ಣಿನ ಪದರ ಕಿತ್ತಾಗ ಒಳಗಿನಿಂದ ಹಬೆ ಮುಖಕ್ಕೆ ಹೊಡೆಯಿತು. ಮೊಣಕಾಲು ಮಟ್ಟದ ಸೊಪ್ಪು ಒಂದು ಗೇಣಿಗೆ ಇಳಿದಿತ್ತು. ಎಲೆಯಿಲ್ಲ, ಕಪ್ಪು ಹಿಟ್ಟಿನಂಥ ಲೋಳೆ, ನಡುವೆ ಕಡ್ಡಿ ಕಡ್ಡಿಯಾದ ತೊಟ್ಟುಗಳು. ಅದಕ್ಕೆ ತಾಗಿದ ಸುತ್ತಿನ ಗೆಡ್ಡೆಗಳು ಹಿಚುಕಿದರೆ ನೀರಾಗುತ್ತಿದ್ದವು; ಬಿಳಿಯ ಬೂಸ್ಟು ಹಿಡಿದಿತ್ತು. ನಾನು ಬುಟ್ಟಿಗೆ ತುಂಬತೊಡಗಿದೆ. ಅಕ್ಕ ಒಂದೊಂದನ್ನೂ ಕೈಯಲ್ಲಿ ಒತ್ತಿ ನೋಡಿ, ಗಟ್ಟಿಯಿದ್ದದ್ದನ್ನು ಬಲಕ್ಕೆ, ಮೆತ್ತಗಾದದ್ದನ್ನು ಎಡಕ್ಕೆ ಎಸೆಯುತ್ತಿದ್ದಳು. ಬಹಳ ಹೊತ್ತು ಎಡಗಡೆಯೇ ಬೆಳೆಯಿತು.

ಮೇಕೆ ಅಟ್ಟಿಕೊಂಡು ಬರುತ್ತಿದ್ದ ಅತ್ತೆ ಬೇಲಿಯ ಮೇಲಿನಿಂದ ನೋಡಿದರು. ಮೇಕೆಗಳನ್ನು ಅಲ್ಲೇ ಕಟ್ಟಿ ಒಳಗೆ ಬಂದರು. ಏನಾಯಿತೆಂದು ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ.

"ಊರ್ಗೆಲ್ಲ ಏಳ್ಕಂಡ್ ತಿರುಗ್ತಿಯಲ್ಲವ್ವ ಈ ಸೊಪ್ಪಿನ್ ವಿಚಾರ," ಎಂದರು ನನ್ನ ಕಡೆ ತಿರುಗಿ, "ನಿಮ್ಮಕ್ಕಂಗೆ ಏಳಕೆ ಮೈಕ್ ಸಿಕ್ನಿಲ್ವಾ?"

ಅಕ್ಕ ತಲೆಯೆತ್ತದೆಯೇ ಹೇಳಿದಳು. "ಏಳಿರ್ತಾಳೆ ಬುಡತ್ತೆ. ನಾ ಎಲ್ಲಿ ಕೇಳ್ದೆ? ಅವ್ಳು ಬಾಯ್ ತಗೆದ್ರೆ ನಾ ಒಲೆ ತಾವ್ ಓಯ್ತಿನಿ."

ಆ ಮಾತಿಗೆ ಮೂವರೂ ನಕ್ಕೆವು. ಕೆಲಸ ಸ್ವಲ್ಪ ಹಗುರಾಯಿತು. ರಾಶಿಯ ನಡುವಿಗೆ ಬಂದಂತೆ ಗೆಡ್ಡೆ ಗಟ್ಟಿಯಾಗಿ ಸಿಗತೊಡಗಿದವು. ಶಾಖ ಒಳಗಿನವರೆಗೆ ಇಳಿದಿರಲಿಲ್ಲ. ಕೆಲವು ಕಣ್ಣೊಡೆದಿದ್ದವು, ಬಹುಪಾಲು ಇನ್ನೂ ಮಲಗಿಯೇ ಇದ್ದವು. ಅವನ್ನು ಒಳಮನೆಯ ನೆಲದ ಮೇಲೆ ತೆಳ್ಳಗೆ ಹರಡಿ, ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿದೆವು. ನಾವು ಮಲಗುತ್ತಿದ್ದ ಕೋಣೆ ಅದು. ನಾಟಿಯವರೆಗೆ ನಾವು ನಡುಮನೆಗೆ ಬಂದೆವು.

ಹಾಳಾದ ಗೆಡ್ಡೆಗಳನ್ನು ನೆಲದಿಂದ ದೂರ ಗುಂಡಿ ತೋಡಿ ಹೂತೆವು. ಆ ಕಪ್ಪು ಲೋಳೆಯನ್ನು ಎಸೆಯಲು ಅಕ್ಕನಿಗೆ ಮನಸ್ಸಾಗಲಿಲ್ಲ. ಹಿತ್ತಿಲ ಬದನೆ ಗಿಡಗಳ ಬುಡಕ್ಕೆ ಸುರಿದಳು. ಆ ಬದನೆ ಅಂಥ ಕಡುಹಸಿರಾಗಿ ಎದ್ದದ್ದನ್ನು ನಾನು ಹಿಂದೆ ನೋಡಿಲ್ಲ. ಗುಂಡುತೋಪಿನಲ್ಲಿ ಹುಲ್ಲನ್ನು ಬರಗೊಡದ ಮರದ ಎಲೆ ನಮ್ಮ ಬದನೆಗೆ ಉಣಿಸಿತು. ರಾಶಿಯ ಮೇಲೆ ಕೂತು ಬೀಜವನ್ನು ಬೇಯಿಸಿತು. ಮೂರೂ ಕಡೆ ಅದು ಮಾಡಿದ ಕೆಲಸ ಒಂದೇ: ಬೇಗ ಕೊಳೆಯುವುದು. ಒಳ್ಳೆಯದು, ಕೆಟ್ಟದ್ದು ಎಂದು ನಾವು ತೂಗುವುದು ಅದು ಎಲ್ಲಿ, ಯಾವಾಗ, ಯಾರ ಪಕ್ಕದಲ್ಲಿ ಕೊಳೆಯಿತು ಎಂಬುದನ್ನು. ನನ್ನ ಭಾಷಣದಿಂದ ತನ್ನ ಮಕ್ಕಳಿಗೆ ತಾನೇ ಬಡಿಸುವ ಮರ ಎಂಬ ಸಾಲನ್ನು ಆಮೇಲೆ ತೆಗೆದುಹಾಕಿದೆ. ಚಪ್ಪಾಳೆ ಬೀಳುವ ಸಾಲು, ಆದರೆ ವಿಷಯ ಅದಕ್ಕಿಂತ ದೊಡ್ಡದು.

ಮರುದಿನ ಅಣ್ಣ ಬಂದ. ಒಳಮನೆಯ ಬಾಗಿಲಲ್ಲಿ ನಿಂತು ಹರಡಿದ ಬೀಜವನ್ನು ನೋಡಿದ.

"ಎಷ್ಟಕ್ಕೆ ಆಯ್ತದಕ್ಕ?"

"ಅರ್ಧಕ್ಕೆ ಆದ್ರೆ ಎಚ್ಚು."

ಅವನು ಗದರಲಿಲ್ಲ. "ಕೊಂಬೆ ಕಡ್ಸಿದ್ದು ನಾನೇಯ," ಎಂದ. ಬಾಗಿ ಒಂದು ಗೆಡ್ಡೆ ಒತ್ತಿ ನೋಡಿ, "ಬೇರೆ ಕಡೆ ಬೀಜ ನೋಡ್ಲಾ? ತೆರಕಣಾಂಬಿ ಕಡೆ ಸಿಕ್ಕಿದ್ರೂ ಸಿಕ್ತದೆ," ಎಂದ.

"ಬ್ಯಾಡ ಕಣಪ್ಪ. ಅವರ್ ನೆಲದ್ ರೋಗ ನಮ್ಗ್ಯಾಕೆ?"

"ಅಂಗಾದ್ರೆ ಮಿಕ್ಕಿದ್ದು..."

ಮಿಕ್ಕಿದ್ದು ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ನಾನು ಎದ್ದು ನಿಂತೆ. ನನ್ನ ಬಳಿ ಸಿದ್ಧವಾಗಿದ್ದ ವಾದ ಚೆನ್ನಾಗಿತ್ತು ಎಂದು ಇಂದೂ ಅನ್ನಿಸುತ್ತದೆ. ಷರತ್ತು ಮೊದಲಿಗೇ ಅನ್ಯಾಯದ್ದು. ತಂದೆಯ ನೆಲದಲ್ಲಿ ಮಗಳಿಗೆ ಪಾಲು ಕೊಡುವುದು ಕಾನೂನು, ಅಣ್ಣನ ಔದಾರ್ಯವಲ್ಲ. ಒಂದು ವರ್ಷದ ಆಕಸ್ಮಿಕವನ್ನು ಯೋಗ್ಯತೆಯ ಅಳತೆಗೋಲು ಮಾಡಬಾರದು. ಮೊದಲ ಅಂಶ ಮುಗಿಸುವ ಮುನ್ನವೇ ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದಳು.

"ನೀ ಕೂತ್ಕೊ. ನೀ ಏಳದು ದಿಟ, ಯಾರ್ ಇಲ್ಲ ಅಂದರು? ಪಾಲು ಕಾಗ್ದದ್ ಮ್ಯಾಲೆ ಬತ್ತದೆ, ಬರ್ಲಿ. ಈ ವರ್ಸ ನೆಲ ತುಂಬದು ಕಾಗ್ದ ಅಲ್ಲ, ಬೀಜ." ಆಮೇಲೆ ಅಣ್ಣನಿಗೆ ಹೇಳಿದಳು. "ದಾರಿ ಕಡೇದ್ ಅರ್ಧ ಅವರ್ಗೆ ಕೊಡು. ಲಾರಿ ಬರಕೆ ಅವರ್ಗೂ ಅನ್ಕೂಲ. ತಗ್ಗಿಂದು ನಂಗಿರ್ಲಿ, ಅಲ್ಲಿ ಮಣ್ಣು ಆಳವಾಗದ. ಮೊದ್ಲು ಬದೂಗೆ ಕಲ್ ಇಡ್ಸು, ಅವರ್ ಕೂಲಿಯೋರು ನನ್ ಕಡೆ ತುಳೀಬಾರ್ದು."

ಅಣ್ಣ ಸರಿ ಎಂದ. ನನಗೆ ಆ ದಿನ ಬೇಸರವಾಯಿತು. ಅರ್ಧ ಎಂಬುದು ನನ್ನ ಕಿವಿಗೆ ಸೋಲಿನಂತೆ ಕೇಳಿಸಿತು. ವಾರದ ನಡುವೆ ಕಾಲೇಜಿನಲ್ಲಿ ಕೂತು ಅಣ್ಣನಿಗೆ ಫೋನು ಮಾಡಿ, ಪಾಲಿನ ಅರ್ಜಿಯ ವಿಷಯವನ್ನು ಅಕ್ಕನ ಮಾತಿನಂತೆಯೇ ತೆಗೆದೆ. ಕಾಗದ ಆಗಲಿ ಎಂದು ಅವನು ಒಪ್ಪಿದ. ಅದು ಇನ್ನೂ ಕಚೇರಿಯಿಂದ ಕಚೇರಿಗೆ ನಡೆಯುತ್ತಿದೆ.

ಭರಣಿ ಮಳೆಗೆ ನಾಟಿಯಾಯಿತು. ಏರುಮಡಿಗಳ ಮೇಲೆ ಹೊದಿಕೆಗೆ ಮತ್ತೆ ಸೊಪ್ಪು ಬೇಕಾಯಿತು. ಈ ಸಲ ಅಕ್ಕ ನನ್ನನ್ನು ಕೇಳಿದಳು. ನಾನು ಭಾಷಣ ಮಾಡದೆ ಉತ್ತರ ಹೇಳಿದೆ. ತೆರೆದ ನೆಲದಲ್ಲಿ, ತೆಳ್ಳಗೆ, ಹಳದಿ ಸೊಪ್ಪು ಹಾಕಬಹುದು, ಬಿಸಿಯಾಗುವುದಿಲ್ಲ, ಆದರೆ ಮಳೆಗಾಲದ ನಡುವೆಯೇ ಅದು ಮುಗಿದು ಕಳೆ ಏಳುತ್ತದೆ. ಮೇಲೆ ನಿಧಾನವಾಗಿ ಕೊಳೆಯುವ ಕಬ್ಬಿನ ತರಗು ಬೇಕು. ಹಾಗೆಯೇ ಮಾಡಿದಳು. ಕಾಯಿ ಕಟ್ಟಿದ ಕೊಂಬೆ ಒಂದೂ ಒಳಗೆ ಬರಬಾರದೆಂದು ಅತ್ತೆಯನ್ನು ದಾರಿಯಲ್ಲಿ ನಿಲ್ಲಿಸಿದ್ದಳು. ಆದರೂ ಕೆಲವು ಸಸಿ ಹುಟ್ಟಿದವು. ಕಳೆಯ ಜೊತೆಗೆ ಕಿತ್ತರು.

ಗುಂಡುತೋಪಿನ ಮುಂದಿನ ಸಭೆಗೆ ಮುಂಚೆ ಅಕ್ಕನನ್ನು ಕೇಳಿದೆ, ರಾಶಿಯ ವಿಷಯ ಹೇಳಬಹುದೇ ಎಂದು.

"ಏಳ್ಕೊ. ನನ್ ಎಸ್ರು ಮಾತ್ರ ಏಳ್ಬ್ಯಾಡ."

"ಊರಿಗೆಲ್ಲ ಗೊತ್ತದಲ್ಲಕ್ಕ."

"ಗೊತ್ತಿದ್ರೆ ಇರ್ಲಿ. ಮೈಕಲ್ ಏಳ್ಬ್ಯಾಡ."

ಹೆಸರಿಲ್ಲದೆ ಹೇಳಿದೆ. ಎಲ್ಲರೂ ಅಕ್ಕನ ಮನೆಯ ಕಡೆ ನೋಡಿದರು. ಎಲೆಗೆ ಗೊಬ್ಬರದ ಗುಣವಿದೆ, ಅದನ್ನು ಕಾಯಿ ಕಟ್ಟುವ ಮುಂಚೆ ತರಿದು ಹೊಲಕ್ಕೆ ಒಯ್ಯಿರಿ. ಮರ ಮಾತ್ರ ನಮ್ಮ ಸಾಮಾನ್ಯ ನೆಲದಲ್ಲಿ ಇರಬಾರದು ಎಂದು ಎರಡನ್ನೂ ಒಟ್ಟಿಗೆ ಹೇಳಿದೆ. ಮೊದಲಿನಂತೆ ಒಂದೇ ಬದಿಗೆ ನಿಂತು ವಾದಿಸಿದ್ದರೆ ಸಿಗದ ಒಪ್ಪಿಗೆ ಸಿಕ್ಕಿತು. ಕೆರೆಯ ಕಡೆಯ ಸಾಲಿನಿಂದ ತೊಗಟೆ ಸುಲಿಯುವ ಕೆಲಸ ಆರಂಭವಾಯಿತು. ಕೆಲವು ಮರ ಒಣಗಿವೆ, ಕೆಲವು ಸುಲಿದ ಗಾಯದ ಕೆಳಗಿನಿಂದ ಚಿಗುರಿವೆ. ಮತ್ತೆ ಸುಲಿಯಬೇಕು. ಒಣಗಿದ ಮರಗಳ ಕೆಳಗೆ ಮೊದಲು ಬಂದದ್ದು ಪಾರ್ಥೇನಿಯಂ, ನಾವು ಬಯಸಿದ ಹುಲ್ಲಲ್ಲ. ಹುಲ್ಲು ಅಲ್ಲಲ್ಲಿ ಈಗ ಕಾಣುತ್ತಿದೆ. ಅತ್ತೆಯ ಮೇಕೆಗಳು ಅದನ್ನು ಕಂಡುಹಿಡಿದಿವೆ.

ಅಕ್ಕನ ಪಾಲಿನ ಒಂದು ಎಕರೆ ತುಂಬಿ ಬೆಳೆ ಬಂತು. ಅಗೆತದ ದಿನಗಳಲ್ಲಿ ನಾನು ರಜೆ ಹಾಕಿ ಬಂದಿದ್ದೆ. ಗೆಡ್ಡೆ ಬಿಡಿಸಿ ಗುಡ್ಡೆ ಹಾಕಿದ ಮೇಲೆ, ಬೇಯಿಸಲು ಒಯ್ಯುವುದಕ್ಕೂ ಬೀಜಕ್ಕೆ ಇಡುವುದಕ್ಕೂ ಅವಳು ಪಾಲು ಮಾಡುತ್ತಿದ್ದಳು. ಬೀಜದ ಪಾಲು ಏರುತ್ತಲೇ ಹೋಯಿತು. ಸಂಜೆ ಅಣ್ಣ ಬಂದ. ಚೆಂಡು ಹೂವಿನ ಅರ್ಧ ಕೊಯ್ದು ಮುಗಿದು ಒಣಕಡ್ಡಿಗಳು ನಿಂತಿದ್ದವು. ಕಂಪನಿಯ ಫೀಲ್ಡಿನವನೂ ಮೋಟಾರು ಸೈಕಲ್ಲಿನಲ್ಲಿ ಹಿಂದೆಯೇ ಬಂದಿದ್ದ. ಮುಂದಿನ ವರ್ಷಕ್ಕೆ ಎರಡೂ ಎಕರೆ ಕೊಟ್ಟರೆ ಒಳ್ಳೆಯದಿತ್ತು ಎಂದು ಸೌಜನ್ಯದಿಂದಲೇ ಕೇಳುತ್ತಿದ್ದ.

ಅಣ್ಣ ಗುಡ್ಡೆಗಳನ್ನು ನೋಡುತ್ತ ನಿಂತ.

"ಇಷ್ಟೊಂದು ಬೀಜಕ್ಕೆ ಮಡಿಕಂಡಿಯಲ್ಲಕ್ಕ. ಮಾರಾಕೆ ಉಳಿಯದು ಏನದ?"

"ಸಾಕಷ್ಟದೆ. ಎರಡ್ ಎಕ್ರೆ ನಾಟಿಗೆ ಇಷ್ಟು ಬೇಕಲ್ಲಪ್ಪ."

ಅಣ್ಣ ಫೀಲ್ಡಿನವನ ಕಡೆ ತಿರುಗಿ, "ಈ ಸತಿ ನಮ್ದಿಲ್ಲ ಕಣಪ್ಪ. ಪಕ್ಕದೋರ್ನ ಕೇಳ್ನೋಡು," ಎಂದ. ಅವನು ತಲೆಯಾಡಿಸಿ ಗಾಡಿ ತಿರುಗಿಸಿಕೊಂಡು ಹೋದ.

"ದಾರಿ ಕಡೇದು ಗಟ್ಟಿಯಾಗ್ಬುಟ್ಟದೆ," ಎಂದ ಅಣ್ಣ ಅಕ್ಕನಿಗೆ. "ಎರಡ್ ಸತಿ ಉಳ್ಬೇಕಾಯ್ತದೆ."

"ಉಳ್ಸು," ಎಂದಳು ಅಕ್ಕ.

ಅವನು ಟ್ರ್ಯಾಕ್ಟರಿನವನನ್ನು ಕಾಣಲು ಊರೊಳಗೆ ಹೊರಟ.